ಹಾಳೆಯ ಹಿಂಬದಿ

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಅಂಗಡಿಯ ಹಿಂದೆ ಒಂದು ಸಣ್ಣ ಕೋಣೆ. ಅದರ ಕಿಟಕಿ ಉತ್ತರಕ್ಕೆ ತೆರೆದುಕೊಳ್ಳುವುದರಿಂದ ಬಿಸಿಲು ನೇರವಾಗಿ ಬೀಳದೆ, ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನಾದ ಬೆಳಕು. ಕಿಟಕಿಯ ಕೆಳಗೆ ಒಂದು ಮೇಜು, ಕತ್ತು ಬಗ್ಗಿಸಬಹುದಾದ ಒಂದು ದೀಪ, ಹಿಡಿಯಿಲ್ಲದ ಭೂತಗನ್ನಡಿ. ಹದಿನಾಲ್ಕು ವರ್ಷದಿಂದ ಅಲ್ಲಿ ಕೂತು ರಫೂ ಮಾಡುವ ಹೆಂಗಸನ್ನು ಬೀದಿಯವರೆಲ್ಲ ರಫೂ ಅಕ್ಕ ಎಂದು ಕರೆಯುತ್ತಿದ್ದರು.

ತೇಪೆ ಹಾಕುವುದು ಬೇರೆ, ರಫೂ ಬೇರೆ. ತೇಪೆ ತಾನು ಇದ್ದೇನೆ ಎಂದು ಹೇಳಿಕೊಳ್ಳುತ್ತದೆ. ರಫೂ ಮಾಡುವವಳು ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿಕೊಂಡು, ತೂತಿನ ಮೇಲೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ನೇಯ್ದು, ಬಟ್ಟೆ ಹರಿದೇ ಇರಲಿಲ್ಲ ಎನ್ನುವಂತೆ ಮಾಡಬೇಕು. ಕಿರುಬೆರಳಿನ ಉಗುರಿನಷ್ಟು ತೂತಿಗೆ ನಲವತ್ತು ನಿಮಿಷ. ಬಟ್ಟೆ ಒಯ್ಯಲು ಬಂದ ಗಿರಾಕಿ ಬೆಳಕಿಗೆ ಹಿಡಿದು, ಬೆರಳಾಡಿಸಿ, ‘ಎಲ್ಲಿತ್ತು ತೂತು?’ ಎಂದು ಕೇಳಿದರೆ ಅವತ್ತಿಡೀ ಅವಳಿಗೆ ಹಸಿವೆಯೇ ಆಗುತ್ತಿರಲಿಲ್ಲ.

ಬಟ್ಟೆಯ ಹಿಂಬದಿ ಮಾತ್ರ ಬೇರೆ. ಅಲ್ಲಿ ಎಳೆಗಳ ತುದಿಯನ್ನು ಪೂರ್ತಿ ಕತ್ತರಿಸುವಂತಿಲ್ಲ, ಕತ್ತರಿಸಿದರೆ ಮೊದಲ ಒಗೆತಕ್ಕೇ ಜಾರಿಹೋಗುತ್ತದೆ. ಅರ್ಧ ಅಕ್ಕಿಕಾಳಿನಷ್ಟು ಬಾಲ ಬಿಡಲೇಬೇಕು. ಹಿಂಬದಿ ತಿರುಗಿಸಿ ನೋಡಿದವರಿಗೆ ಎಲ್ಲ ಗೊತ್ತಾಗಿಬಿಡುತ್ತದೆ. ಆದರೆ ತೊಟ್ಟ ಕೋಟಿನ ಹಿಂಬದಿಯನ್ನು ಯಾರು ತಿರುಗಿಸಿ ನೋಡುತ್ತಾರೆ?

ಅವಳಿಗೆ ಒಬ್ಬಳೇ ಮಗಳು. ಒಂದು ಸಲ ಕಿವಿಗೆ ಬಿದ್ದದ್ದನ್ನು ಹಾಗೆಯೇ ಒಪ್ಪಿಸುತ್ತಿದ್ದುದರಿಂದ ಎಲ್ಲರೂ ಅವಳನ್ನು ಗಿಳಿ ಎಂದೇ ಕರೆದರು. ರೇಡಿಯೋದ ವಾರ್ತೆಯನ್ನು ಕೇಳಿ, ಓದಿದವರ ಕೆಮ್ಮನ್ನೂ ಬಿಡದೆ ವಾಪಸ್ ಹೇಳುವಳು. ಅಂಗಡಿಯ ಮುಂಭಾಗದಲ್ಲಿ ಇಸ್ತ್ರಿ ಮಾಡುತ್ತಿದ್ದ ಇಸ್ತ್ರಿಯಣ್ಣ, ‘ಲೇ ಗಿಳಿ, ಮಾಲೀಕರು ನಿನ್ನೆ ನನ್ನ ಬೈದದ್ದು ಒಂದ್ಸಲ ಹೇಳು’ ಎಂದರೆ, ಮಾಲೀಕರ ಗಂಟಲಲ್ಲೇ ಹೇಳಿ ತೋರಿಸುವಳು.

ಶಾಲೆಯ ಮೊದಲ ಎರಡು ವರ್ಷ ಈ ಕಿವಿಯೇ ಅವಳನ್ನು ದಾಟಿಸಿತು. ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಪಾಠವನ್ನು ಸರಾಗವಾಗಿ ಓದುತ್ತಿದ್ದಳು. ಒಂದು ಭಾನುವಾರ ಬೆಳಗ್ಗೆ ತಾಯಿ ಪಕ್ಕದಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದಾಗ ಒಂದು ವಿಚಿತ್ರ ಗಮನಿಸಿದಳು. ಗಿಳಿಯ ಬಾಯಿ ಮುಂದಿನ ಪುಟಕ್ಕೆ ಹೋಗಿಯಾಗಿತ್ತು, ಬೆರಳು ಇನ್ನೂ ಹಿಂದಿನ ಪುಟದ ನಡುವಿನಲ್ಲೇ ಇತ್ತು. ತಾಯಿ ನಕ್ಕಳು. ಆಮೇಲೆ ನಗು ನಿಂತಿತು. ಬೇರೆ ಪುಟ ತೆಗೆದು, ನಡುವಿನ ಒಂದು ಸಾಲು ತೋರಿಸಿ, ‘ಇದನ್ನ ಓದು’ ಎಂದಳು. ಗಿಳಿ ಸಾಲನ್ನು ನೋಡಿದಳು, ತಾಯಿಯ ಮುಖ ನೋಡಿದಳು, ‘ನೀನು ಶುರು ಮಾಡು’ ಎಂದಳು.

ಮೂರನೇ ತರಗತಿಗೆ ಬಂದಾಗ ಬಾಯಿಪಾಠ ಸಾಲದಾಯಿತು. ಪ್ರಶ್ನೆಗೆ ಉತ್ತರ ಬರೆಯಬೇಕು, ಹಲಗೆಯ ಮೇಲಿನದನ್ನು ನಕಲು ಮಾಡಿಕೊಳ್ಳಬೇಕು. ಗಿಳಿ ಅಕ್ಷರಗಳನ್ನು ಬರೆಯುತ್ತಿರಲಿಲ್ಲ, ಒಂದೊಂದನ್ನೂ ನೋಡಿ ನೋಡಿ ಚಿತ್ರದಂತೆ ತಿದ್ದುತ್ತಿದ್ದಳು. ಪೆನ್ಸಿಲನ್ನು ಎಷ್ಟು ಒತ್ತುತ್ತಿದ್ದಳೆಂದರೆ ವಾರಕ್ಕೆ ಎರಡು ಪೆನ್ಸಿಲಿನ ಮೊನೆ ಒಳಗೇ ಮುರಿಯುತ್ತಿತ್ತು. ಒಂದು ಪದದ ಅರ್ಧ ಈ ಸಾಲಿನಲ್ಲಿ, ಉಳಿದರ್ಧ ಎಲ್ಲೂ ಇಲ್ಲ. ಎರಡು ಪದ ಒಂದಕ್ಕೊಂದು ಅಂಟಿಕೊಂಡಿವೆ. ನಡುವೆ ಒಂದು ಸಾಲೇ ಮಾಯ.

ಆ ವರ್ಷ ಪೋಷಕರ ಸಭೆಯ ದಿನ ತರಗತಿಯ ಬೆಂಚುಗಳ ಮೇಲೆ ಎಲ್ಲ ಮಕ್ಕಳ ಪುಸ್ತಕಗಳನ್ನು ಬಿಡಿಸಿಟ್ಟಿದ್ದರು. ರಫೂ ಅಕ್ಕನಿಗೆ ಮಗಳ ಪುಸ್ತಕ ಹುಡುಕುವುದು ಕಷ್ಟವಾಗಲಿಲ್ಲ. ದೂರದಿಂದಲೇ ಕೆಂಪು ಕಾಣುತ್ತಿತ್ತು. ಪಕ್ಕದಲ್ಲಿದ್ದ ಇನ್ನೊಬ್ಬ ತಾಯಿ ಆ ಪುಟದತ್ತ ಕಣ್ಣು ಹಾಯಿಸಿ, ‘ಪಾಪ, ಯಾರ ಮಗುವೋ’ ಎಂದಳು. ರಫೂ ಅಕ್ಕ ತನ್ನ ಕೈಚೀಲವನ್ನು ಪುಸ್ತಕದ ಹೆಸರಿನ ಚೀಟಿಯ ಮೇಲಿಟ್ಟು, ‘ಹೌದಲ್ವಾ, ಪಾಪ’ ಎಂದಳು. ಆಮೇಲೆ ಆ ಚೀಲವನ್ನು ಎತ್ತಿಕೊಳ್ಳಲು ಕೋಣೆ ಖಾಲಿಯಾಗುವವರೆಗೆ ಕಾದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಕಿವಿ ಬಿಸಿಯಾಗಿತ್ತು.

ಶುರುವಾದದ್ದು ಅದಾದ ವಾರಕ್ಕೆ. ಹನ್ನೊಂದು ಸಾಲಿನ ಉತ್ತರ, ಅಂಗಡಿಯ ಮೇಜಿನ ಇನ್ನೊಂದು ತುದಿಯಲ್ಲಿ ಗಿಳಿ ನಾಲ್ಕು ಗಂಟೆಗೆ ಬರೆಯಲು ಕೂತವಳು ಆರಾದರೂ ಏಳನೇ ಸಾಲಿನಲ್ಲಿದ್ದಳು. ಹೆಬ್ಬೆರಳಿನ ತುದಿ ಬಿಳಿಚಿಕೊಂಡಿತ್ತು. ತಾಯಿ ಸೂಜಿ ಕೆಳಗಿಟ್ಟು, ‘ಕೊಡು ಇಲ್ಲಿ’ ಎಂದಳು. ಉಳಿದ ನಾಲ್ಕು ಸಾಲನ್ನು ಮಗಳ ಅಕ್ಷರದಲ್ಲೇ ಬರೆದಳು. ಎಳೆ ಎಷ್ಟು ದಪ್ಪ, ಯಾವ ಕಡೆಗೆ ವಾಲಿದೆ, ಎಷ್ಟು ಬಿಗಿ ಎಂದು ಅಳೆದು ಅಳೆದು ಪಳಗಿದ ಕಣ್ಣು ಅದು. ಗಿಳಿಯ ಗೆರೆ ಎಡಕ್ಕೆ ವಾಲುತ್ತದೆ, ಸೊನ್ನೆಯಂಥದ್ದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ ಎಂಬುದು ಅವಳಿಗೆ ಐದು ನಿಮಿಷದಲ್ಲಿ ಕೈಗೆ ಬಂದುಬಿಟ್ಟಿತು. ಮರುದಿನ ಪುಟದ ಕೆಳಗೆ ಮೊದಲ ಬಾರಿ ‘ಚೆನ್ನಾಗಿದೆ’ ಎಂದು ಬಂತು.

ಅಲ್ಲಿಂದ ಒಂದು ಪದ್ಧತಿಯಾಯಿತು. ಗಿಳಿ ಬಿಡಿ ಹಾಳೆಯ ಮೇಲೆ ತನಗಾದಷ್ಟು ಬರೆಯುವುದು, ತಾಯಿ ಅದನ್ನು ಸರಿಮಾಡಿ ಪುಸ್ತಕಕ್ಕೆ ಇಳಿಸುವುದು. ಬಿಡಿ ಹಾಳೆಯನ್ನು ಅವಳು ಎಸೆಯುತ್ತಿರಲಿಲ್ಲ. ರಫೂ ಮಾಡುವವರು ತುಂಡು ಬಟ್ಟೆ ಎಸೆಯುವುದಿಲ್ಲ, ಯಾವ ಎಳೆ ಯಾವಾಗ ಬೇಕಾದೀತೋ ಎಂದು ಚೀಟಿ ಅಂಟಿಸಿ ಇಟ್ಟುಕೊಳ್ಳುತ್ತಾರೆ. ಅದೇ ಅಭ್ಯಾಸದಲ್ಲಿ ಹಾಳೆಯ ಮೂಲೆಗೆ ಪೆನ್ಸಿಲಿನಿಂದ ತಾರೀಕು ಹಾಕಿ, ಮೇಜಿನ ಕೆಳಗಿದ್ದ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಹಾಕುತ್ತ ಬಂದಳು. ಯಾಕೆ ಇಡುತ್ತಿದ್ದೇನೆ ಎಂದು ಯೋಚಿಸಲೇ ಇಲ್ಲ.

ಇಸ್ತ್ರಿಯಣ್ಣ ಎಲ್ಲವನ್ನೂ ನೋಡುತ್ತಿದ್ದ. ಬಿಸಿ ಪೆಟ್ಟಿಗೆಯ ಮೇಲೆ ನೀರು ಚಿಮುಕಿಸುತ್ತ, ‘ಅಕ್ಕಾ, ಈ ವರ್ಷ ನಿಮಗೆ ಎಷ್ಟನೇ ರ್‍ಯಾಂಕು?’ ಎನ್ನುತ್ತಿದ್ದ.

‘ನಿನ್ನ ಕೆಲಸ ನೋಡ್ಕೋ ಮಾರಾಯ.’

‘ನೋಡ್ಕೋತಾನೇ ಇದ್ದೀನಿ. ನಾನು ಶಾಲೆಗೆ ಹೋಗೋವಾಗ ನೀವು ನಮ್ಮಮ್ಮ ಆಗಿದ್ರೆ ಇವತ್ತು ನಾನು ಸೂಟು ಹಾಕ್ಕೊಂಡಿರ್ತಿದ್ದೆ, ಇನ್ಯಾರೋ ಅದಕ್ಕೆ ಇಸ್ತ್ರಿ ಹಾಕ್ತಿದ್ರು.’

ಅವಳು ನಕ್ಕು ತಲೆ ತಗ್ಗಿಸಿ ಬರೆಯುವಳು.

ಮನೆಯಲ್ಲಿ ಗಂಡನಿಗೆ ಇದಾವುದೂ ಗೊತ್ತಿರಲಿಲ್ಲ. ಅವನು ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಪಾಳಿಯ ಮೇಲೆ ದುಡಿಯುವವನು, ಮಾತು ಕಡಿಮೆ. ಆದರೆ ‘ಚೆನ್ನಾಗಿದೆ’ ಎಂದು ಬಂದ ಪುಸ್ತಕವನ್ನು ಅವನು ಟಿವಿಯ ಪಕ್ಕದ ಕಪಾಟಿನಲ್ಲಿ ಇಟ್ಟುಕೊಂಡಿದ್ದ. ಮನೆಗೆ ಯಾರೇ ಬರಲಿ, ಕೂತು ಎರಡು ಮಾತಾದ ಮೇಲೆ ಕೈ ತಾನಾಗಿ ಆ ಕಪಾಟಿಗೆ ಹೋಗುತ್ತಿತ್ತು. ‘ನಮ್ಮ ಗಿಳಿ ಅಕ್ಷರ ನೋಡಿ.’ ಬಂದವರು ಮೆಚ್ಚುವಾಗ ತಾಯಿ ಅಡುಗೆಮನೆಯಲ್ಲಿ ಕೆಲಸವಿಲ್ಲದಿದ್ದರೂ ನಲ್ಲಿ ತಿರುಗಿಸುತ್ತಿದ್ದಳು. ಗಿಳಿ ಮಂಚದ ಅಂಚಿನಲ್ಲಿ ಕೂತು ತನ್ನ ಮೊಣಕಾಲು ನೋಡಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಗಿಳಿ ಶಾಲೆಯಿಂದ ನೇರ ಬಂದು ರಫೂ ಮೇಜಿನ ಕೆಳಗೆ, ಗುಂಡಿಯ ಪೆಟ್ಟಿಗೆಗಳ ನಡುವೆ ತೂರಿ ಕೂತಳು. ಎಷ್ಟು ಕರೆದರೂ ಹೊರಬರಲಿಲ್ಲ.

‘ಏನಾಯ್ತೇ?’

‘ಮಿಸ್ ನನ್ನ ಪುಸ್ತಕ ಎತ್ತಿ ಎಲ್ಲರಿಗೂ ತೋರಿಸಿದ್ರು. ಹೀಗಿರಬೇಕು ಅಂದ್ರು.’

‘ಒಳ್ಳೇದಾಯ್ತಲ್ಲ.’

‘ಆಮೇಲೆ ನಿಂತ್ಕೊಂಡು ಓದು ಅಂದ್ರು.’

ಸೂಜಿ ನಿಂತಿತು. ‘ಓದಿದ್ಯಾ?’

‘ಅದು ನಂದಲ್ವಲ್ಲ’ ಎಂದು ಗಿಳಿ ಹೇಳಿದಳು. ಗುಂಡಿಯ ಪೆಟ್ಟಿಗೆಯೊಂದನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು, ‘ಗಂಟಲು ನೋವು ಅಂದೆ. ಎಲ್ಲರೂ ನಕ್ಕರು.’

ಅಲ್ಲಿಗೆ ನಿಲ್ಲಿಸಬಹುದಿತ್ತು. ರಫೂ ಅಕ್ಕ ಮುಂದೆ ಎಷ್ಟೋ ಸಲ ಆ ಮಧ್ಯಾಹ್ನವನ್ನು ಎಳೆ ಎಳೆಯಾಗಿ ಬಿಚ್ಚಿ ನೋಡಿಕೊಂಡಳು. ಅಲ್ಲಿ ನಿಲ್ಲಿಸಬಹುದಿತ್ತು. ಆದರೆ ಅವಳ ಕೈಗೆ ಗೊತ್ತಿದ್ದದ್ದು ಒಂದೇ. ಕಣ್ಣಿಗೆ ಬೀಳುತ್ತಿದೆ ಎಂದರೆ ಇನ್ನಷ್ಟು ನಾಜೂಕಾಗಿ ಮಾಡಬೇಕು. ತೀರಾ ಅಚ್ಚುಕಟ್ಟಾದದ್ದೇ ತಪ್ಪಾಯಿತು ಎಂದುಕೊಂಡು, ಮರುದಿನದಿಂದ ಪ್ರತಿ ಆರು ಸಾಲಿಗೆ ಒಂದರಂತೆ ತಪ್ಪು ಸೇರಿಸತೊಡಗಿದಳು. ಒಂದು ಕಡೆ ಕೊನೆಯ ಚುಕ್ಕಿ ಬಿಡುವುದು, ಇನ್ನೊಂದು ಕಡೆ ಅವಸರದಲ್ಲಿ ಬರೆದಂತೆ ಒಂದು ಬಾಲ ಉದ್ದ ಮಾಡುವುದು. ಬರೆದದ್ದನ್ನು ಮಗಳಿಗೆ ಒಂದು ಸಲ ಓದಿ ಹೇಳಿದಳು. ‘ಓದು ಅಂದ್ರೆ ಇದನ್ನ ಒಪ್ಪಿಸಿಬಿಡು. ಕಣ್ಣು ಪುಸ್ತಕದ ಮೇಲಿರಲಿ.’ ಗಿಳಿ ಒಪ್ಪಿಕೊಂಡಳು. ಅವಳಿಗೆ ಕಲಿಯುವುದು ಕಷ್ಟ ಎಂದು ಯಾರು ಹೇಳಿಯಾರು, ಅಷ್ಟು ಬೇಗ ಕಲಿತಳು.

ಹೀಗೆ ಒಂದೂವರೆ ವರ್ಷ. ತರಗತಿಯಲ್ಲಿ ಬರೆಯಬೇಕಾದ ಪುಸ್ತಕ ಮಾತ್ರ ತಾಯಿಯ ಕೈಗೆ ಸಿಗುತ್ತಿರಲಿಲ್ಲ. ಅದು ಅರೆಖಾಲಿ. ಮನೆಯ ಪುಸ್ತಕ ತುಂಬಿದೆ, ಶಾಲೆಯ ಪುಸ್ತಕ ಖಾಲಿ ಎಂದರೆ ಯಾವ ಟೀಚರ್ ಏನು ತಿಳಿದಾರು? ನಾಲ್ಕನೇ ತರಗತಿಯ ಟೀಚರು ಕೆಟ್ಟವರಲ್ಲ. ನಲವತ್ತೊಂದು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವವರು. ಅವರು ಎರಡೂ ಪುಸ್ತಕವನ್ನು ಪಕ್ಕಪಕ್ಕ ಇಟ್ಟು, ‘ಬರೆಯೋಕೆ ಬರುತ್ತೆ, ಬರೆಯಲ್ಲ ಅಷ್ಟೇ. ಹಟ’ ಎಂದು ತೀರ್ಮಾನಿಸಿದರು. ಮೊದಲು ಬುದ್ಧಿ ಹೇಳಿದರು, ಆಮೇಲೆ ಬೈದರು, ಆಮೇಲೆ ಬೆಂಚಿನ ಮೇಲೆ ನಿಲ್ಲಿಸಿದರು. ಇಡೀ ಗಂಟೆ ಬೆಂಚಿನ ಮೇಲೆ ನಿಂತ ದಿನ ಗಿಳಿ ಮನೆಗೆ ಬಂದು, ‘ಇವತ್ತು ಕಿಟಕಿಯಿಂದ ನಿಮ್ಮ ಅಂಗಡಿಯ ಬೋರ್ಡು ಕಾಣಿಸ್ತು’ ಎಂದಷ್ಟೇ ಹೇಳಿದಳು.

ಆ ವರ್ಷ ಶಾಲೆಗೆ ಕಲಿಕೆಯಲ್ಲಿ ತೊಡಕಿರುವ ಮಕ್ಕಳನ್ನು ಗುರುತಿಸಲು ಒಬ್ಬ ತಜ್ಞೆ ಬಂದರು. ಎರಡು ದಿನ ಇರುತ್ತಾರೆ, ಮಕ್ಕಳನ್ನು ಪರೀಕ್ಷಿಸುತ್ತಾರೆ. ಆಯ್ಕೆಯಾದ ಆರು ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಬೇರೆ ಕೋಣೆಯಲ್ಲಿ ಬೇರೆ ರೀತಿಯ ಪಾಠ, ಪರೀಕ್ಷೆಯಲ್ಲಿ ಹೆಚ್ಚು ಸಮಯ. ಮುಂದಿನ ಅವಕಾಶ ಇನ್ನೊಂದು ವರ್ಷಕ್ಕೆ. ಅಷ್ಟರಲ್ಲಿ ಗಿಳಿಗೆ ಐದನೇ ತರಗತಿ, ಆರು ವಿಷಯ, ಆರು ಪುಸ್ತಕ. ಟೀಚರು, ‘ಹಟವೋ ತೊಡಕೋ ಒಂದ್ಸಲ ನೋಡಿಬಿಡೋಣ’ ಎಂದು ಗಿಳಿಯ ಹೆಸರನ್ನೂ ಕೊಟ್ಟು ತಾಯಿಯನ್ನು ಕರೆಸಿದರು.

ಕರೆದದ್ದು ವಿಜ್ಞಾನದ ಪ್ರಯೋಗಾಲಯಕ್ಕೆ. ಉದ್ದನೆಯ ಕಲ್ಲಿನ ಮೇಜು, ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿ, ಗಾಜಿನ ಬೀರುವಿನಲ್ಲಿ ಧೂಳು ಹಿಡಿದ ಸೀಸೆಗಳು. ತಜ್ಞೆ ಐವತ್ತರ ಆಸುಪಾಸಿನವರು, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಗಿಳಿಗೆ ಅರ್ಧ ಗಂಟೆ ಪರೀಕ್ಷೆ ಮುಗಿಸಿದ್ದರು. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ, ಹೊಸ ಪುಟ ಓದು ಎಂದರೆ ಗಂಟಲು ನೋವು, ಬರೆ ಎಂದರೆ ಕೈ ನೋವು. ಮುಂದೆ ಮನೆಯ ಪುಸ್ತಕ ಬಿಚ್ಚಿತ್ತು.

‘ಇಲ್ಲಿರೋ ತಪ್ಪು ನೋಡಿ’ ಎಂದರು ತಜ್ಞೆ, ಟೀಚರಿಗೆ. ‘ಎಲ್ಲ ಅವಸರದ ತಪ್ಪುಗಳು. ಬರೆಯೋಕೆ ಚೆನ್ನಾಗಿ ಬರೋ ಮಗು ಮಾಡೋವಂಥವು. ತೊಡಕಿರೋ ಮಕ್ಕಳ ತಪ್ಪು ಹೀಗಿರಲ್ಲ.’

ಪ್ರತಿ ಆರು ಸಾಲಿಗೆ ಒಂದು. ರಫೂ ಅಕ್ಕ ಎದುರಿನಿಂದಲೇ ಅವನ್ನು ಎಣಿಸಿದಳು.

ತಜ್ಞೆ ಅವಳತ್ತ ತಿರುಗಿದರು. ‘ಮನೇಲಿ ಬರೆಯೋವಾಗ ಯಾರಾದ್ರೂ ಸಹಾಯ ಮಾಡ್ತಾರಾ?’

ಗಿಳಿ ತಾಯಿಯನ್ನು ನೋಡಲಿಲ್ಲ. ಕಲ್ಲಿನ ಮೇಜಿನ ಮೇಲಿದ್ದ ಒಂದು ಸುಟ್ಟ ಕಲೆಯನ್ನು ನೋಡುತ್ತಿದ್ದಳು.

‘ಪಕ್ಕದಲ್ಲಿ ಕೂತಿರ್ತೀನಿ’ ಎಂದಳು ರಫೂ ಅಕ್ಕ. ‘ಅಷ್ಟೇ.’

‘ಹಾಗಾದ್ರೆ ಅವಳಿಗೆ ಬರುತ್ತೆ’ ಎಂದರು ಟೀಚರು. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ, ದಣಿವಿತ್ತು. ‘ನಾನು ಹೇಳಿರಲಿಲ್ವಾ? ಬೇಕಂತ ಮಾಡ್ತಾಳೆ.’

ತಜ್ಞೆ ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟರು. ‘ನನಗೇನೋ ಸರಿಹೋಗ್ತಿಲ್ಲ. ಆದ್ರೆ ಬರೆದದ್ದು ಕಣ್ಣೆದುರಿಗಿದೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಪಟ್ಟಿ ಕೊಡಬೇಕು. ಅಷ್ಟರೊಳಗೆ ಇನ್ನೇನಾದ್ರೂ ನೆನಪಾದ್ರೆ ಬನ್ನಿ ಅಮ್ಮಾ.’

‘ನೆನಪಾದರೆ’ ಎಂಬ ಆ ಮಾತಿನಲ್ಲಿ ಬಾಗಿಲು ಅರ್ಧ ತೆರೆದೇ ಇತ್ತು. ರಫೂ ಅಕ್ಕ ನಮಸ್ಕಾರ ಹೇಳಿ ಎದ್ದು ಬಂದಳು.

ಅಂದು ಸಂಜೆ ಗಂಡ ವಿಷಯ ಕೇಳಿ ಹಗುರಾದ. ‘ಬೇಡವೇ ಬೇಡ ಆ ಬೇರೆ ಕೋಣೆ. ಇಂಥ ಅಕ್ಷರ ಇಟ್ಕೊಂಡು ಅಲ್ಲಿಗ್ಯಾಕೆ ಹೋಗ್ಬೇಕು ನನ್ನ ಮಗಳು? ಸ್ವಲ್ಪ ಹಟ ಇದೆ, ನಿನ್ನ ಹಾಗೆ’ ಎಂದು ತಮಾಷೆಯನ್ನೂ ಮಾಡಿ ಪಾಳಿಗೆ ಹೊರಟ. ಸೈಕಲ್ಲಿನ ಸದ್ದು ತಿರುವು ದಾಟಿ ಹೋಯಿತು. ತಾಯಿ ಬಾಗಿಲಿನ ಮೆಟ್ಟಿಲ ಮೇಲೆ ಕೂತು ಗಿಳಿಯ ತಲೆ ಬಾಚುತ್ತಿದ್ದಳು. ಬೆನ್ನು ಮಾಡಿ ಕೂತಿದ್ದರಿಂದಲೋ ಏನೋ, ಗಿಳಿಗೆ ಕೇಳಲು ಧೈರ್ಯ ಬಂತು.

‘ಅಮ್ಮಾ.’

‘ಹೂಂ.’

‘ನಾನು ಬೇಕಂತ ಮಾಡ್ತಿದ್ದೀನಾ?’

ಬಾಚಣಿಗೆ ನಡುವಿನಲ್ಲೇ ನಿಂತಿತು.

‘ನಿಂಗೆ ಗೊತ್ತಲ್ವಾ, ಮಾಡ್ತಿಲ್ಲ ಅಂತ’ ಎಂದಳು ತಾಯಿ.

‘ನಂಗೆ ಗೊತ್ತಿಲ್ಲ’ ಎಂದಳು ಗಿಳಿ. ‘ಎಲ್ಲರೂ ಹಾಗೇ ಅಂತಾರೆ. ಮಾಡ್ತಿರಬಹುದು. ನಂಗೇ ಗೊತ್ತಾಗದ ಹಾಗೆ.’

ರಫೂ ಅಕ್ಕ ಬಾಚಿದ್ದನ್ನೇ ಮತ್ತೆ ಬಾಚಿದಳು. ಅವಳು ಈವರೆಗೆ ಮುಚ್ಚಿಟ್ಟದ್ದು ಮಗಳ ನಾಚಿಕೆಯನ್ನು ಎಂದುಕೊಂಡಿದ್ದಳು. ಪೋಷಕರ ಸಭೆಯಲ್ಲಿ ಚೀಲ ಇಟ್ಟದ್ದು ಯಾರ ಹೆಸರಿನ ಮೇಲೆ, ಯಾರ ಮುಖ ಉಳಿಸಲು, ಎಂಬುದು ಆ ಮೆಟ್ಟಿಲ ಮೇಲೆ ಅವಳಿಗೆ ಸ್ಪಷ್ಟವಾಯಿತು. ಎಂಟನೇ ವಯಸ್ಸಿನಲ್ಲಿ ಮಗುವಿಗೆ ಬರೆಯಲು ಬರುತ್ತಿರಲಿಲ್ಲ, ಅಷ್ಟೇ. ಹತ್ತು ವರ್ಷ ತುಂಬುವ ಹೊತ್ತಿಗೆ ಅದಕ್ಕೆ ತನ್ನ ಮೇಲೇ ನಂಬಿಕೆ ಇಲ್ಲದಂತಾಗಿತ್ತು. ಆ ಎರಡನೆಯದು ಪೂರ್ತಿ ಅವಳ ಕೈಕೆಲಸ.

ಬೆಳಗ್ಗೆ ಅಂಗಡಿ ತೆಗೆದ ಕೂಡಲೇ ಮೇಜಿನ ಕೆಳಗಿಂದ ಡಬ್ಬ ಎಳೆದಳು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇಸ್ತ್ರಿಯಣ್ಣ ಪೆಟ್ಟಿಗೆ ಕೆಳಗಿಟ್ಟು ಬಂದು ತೆಗೆದುಕೊಟ್ಟ. ಒಳಗಿನದನ್ನು ನೋಡಿ ಅವನ ಬಾಯಲ್ಲಿ ಬರಬೇಕಾದ ತಮಾಷೆ ಬರಲಿಲ್ಲ.

‘ಎಲ್ಲಿಗೆ ಅಕ್ಕಾ?’

‘ಶಾಲೆಗೆ.’

‘ಮಾಲೀಕರು ಕೇಳಿದ್ರೆ?’

‘ಮರ್ಯಾದೆ ಕಳ್ಕೊಳ್ಳೋಕೆ ಹೋಗಿದ್ದಾಳೆ, ಹನ್ನೆರಡರೊಳಗೆ ಬರ್ತಾಳೆ ಅನ್ನು.’

‘ಗುಂಡಿ ತರೋಕೆ ಹೋಗಿದ್ದಾರೆ ಅಂತೀನಿ ಬಿಡಿ’ ಎಂದ ಅವನು.

ಹತ್ತು ಮುಕ್ಕಾಲಿಗೆ ಅವಳು ಪ್ರಯೋಗಾಲಯದ ಬಾಗಿಲಲ್ಲಿ ನಿಂತಾಗ ಒಳಗೆ ತಜ್ಞೆಯ ಎದುರು ಗಿಳಿಯೇ ಕೂತಿದ್ದಳು. ಪಟ್ಟಿ ಮುಗಿಸುವ ಮೊದಲು ಇನ್ನೊಂದು ಸಲ ನೋಡೋಣವೆಂದು ಅವರು ಕರೆಸಿದ್ದರು. ಟೀಚರು ಕಿಟಕಿಯ ಬಳಿ ಪುಸ್ತಕ ತಿದ್ದುತ್ತಿದ್ದರು. ಮಗಳು ಅಲ್ಲಿರುತ್ತಾಳೆಂದು ರಫೂ ಅಕ್ಕ ಎಣಿಸಿರಲಿಲ್ಲ. ಒಂದು ಕ್ಷಣ ಡಬ್ಬವನ್ನು ಸೆರಗಿನೊಳಗೆ ಮರೆಮಾಡಿಕೊಂಡಳು. ಆಮೇಲೆ ಹೊರತೆಗೆದು ಕಲ್ಲಿನ ಮೇಜಿನ ಮೇಲಿಟ್ಟಳು.

‘ಮೇಡಂ, ನಿನ್ನೆ ಸುಳ್ಳು ಹೇಳಿದೆ. ಮನೆಯ ಪುಸ್ತಕ ಬರೆದದ್ದು ನಾನು.’

ಟೀಚರ ಕೆಂಪು ಪೆನ್ನು ನಿಂತಿತು. ಯಾರೂ ಮಾತಾಡುವ ಮೊದಲೇ ಗಿಳಿ ಎದ್ದು ನಿಂತಳು.

‘ಇಲ್ಲ ಮಿಸ್. ನಾನೇ ಬರೆದಿದ್ದು. ಅಮ್ಮ ಪಕ್ಕದಲ್ಲಿ ಕೂತಿರ್ತಾಳೆ, ಅಷ್ಟೇ.’

ಕಣ್ಣು ಪುಸ್ತಕದ ಮೇಲೆ, ದನಿ ಸ್ವಲ್ಪವೂ ಅಲುಗಲಿಲ್ಲ. ತಾಯಿ ನಿನ್ನೆ ಹೇಳಿದ ಮಾತನ್ನೇ, ನಡುವೆ ಅವಳು ಉಸಿರೆಳೆದುಕೊಂಡ ಜಾಗವನ್ನೂ ಬಿಡದೆ ಒಪ್ಪಿಸಿದ್ದಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ರಫೂ ಅಕ್ಕನಿಗೆ. ಬೆಂಚಿನ ಮೇಲೆ ನಿಂತದ್ದು ಈ ಮಗು, ಬೈಸಿಕೊಂಡದ್ದು ಈ ಮಗು. ಈಗ ತಾಯಿಯನ್ನು ಕಾಯಲು ನಿಂತಿರುವುದೂ ಅದೇ.

‘ಸಾಕು ಮರಿ’ ಎಂದಳು. ‘ಕೂತ್ಕೋ.’ ಆಮೇಲೆ ತಜ್ಞೆಯತ್ತ ತಿರುಗಿ, ‘ಪುಟ ತಿರುಗಿಸಿ ಮೇಡಂ. ಹಿಂಬದಿಗೆ ಬೆರಳಾಡಿಸಿ’ ಎಂದಳು.

ತಜ್ಞೆ ಮನೆಯ ಪುಸ್ತಕದ ಒಂದು ಹಾಳೆ ತಿರುಗಿಸಿ ಬೆರಳಾಡಿಸಿದರು. ನುಣುಪಾಗಿತ್ತು. ರಫೂ ಅಕ್ಕ ಡಬ್ಬದಿಂದ ಒಂದು ಬಿಡಿ ಹಾಳೆ ತೆಗೆದು ಬೋರಲು ಹಾಕಿ ಅವರ ಕೈ ಕೆಳಗೆ ಸರಿಸಿದಳು. ಅದರ ಹಿಂಬದಿಯಲ್ಲಿ ಒತ್ತಿ ಬರೆದ ಗೆರೆಗಳು ಉಬ್ಬಿಕೊಂಡಿದ್ದವು, ಎರಡು ಕಡೆ ಹಾಳೆ ತೂತೇ ಬಿದ್ದಿತ್ತು. ತಜ್ಞೆ ಕಣ್ಣುಮುಚ್ಚಿ ಇನ್ನೊಂದು ಸಲ ಬೆರಳಾಡಿಸಿದರು. ಶಾಲೆಯ ಅರೆಖಾಲಿ ಪುಸ್ತಕದ ಹಾಳೆಯನ್ನೂ ತಿರುಗಿಸಿ ನೋಡಿದರು. ಅದೂ ಹಾಗೆಯೇ, ಒರಟು.

‘ಎಷ್ಟು ಹಾಳೆ ಇದೆ ಇದರಲ್ಲಿ?’

‘ಇನ್ನೂರ ಹನ್ನೊಂದು.’

‘ತಾರೀಕು ಯಾರು ಹಾಕಿದ್ದು?’

‘ನಾನೇ. ಅಂಗಡಿ ಅಭ್ಯಾಸ.’

ತಜ್ಞೆ ಹಾಳೆಗಳನ್ನು ತಿಂಗಳ ಪ್ರಕಾರ ಕಲ್ಲಿನ ಮೇಜಿನ ಮೇಲೆ ಹರಡುತ್ತ ಹೋದರು. ಬಿಟ್ಟುಹೋದ ಸಾಲುಗಳು, ಅಂಟಿಕೊಂಡ ಪದಗಳು, ಅರ್ಧಕ್ಕೆ ನಿಂತ ಪದಗಳು. ಒಂದೂವರೆ ವರ್ಷದ ಹಿಂದಿನ ಹಾಳೆಗೂ ಕಳೆದ ವಾರದ ಹಾಳೆಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಅಷ್ಟು ದಿನವೂ ಆ ಕೈ ಅಷ್ಟೇ ಬಲದಿಂದ ಒತ್ತುತ್ತಲೇ ಇತ್ತು.

‘ಹಟ ಇರೋ ಮಗು ಇನ್ನೂರು ದಿನ ಹೀಗೆ ಕೂತು ಬರೆಯಲ್ಲ’ ಎಂದು ತಜ್ಞೆ ಯಾರಿಗೆಂದಲ್ಲದೆ ಹೇಳಿದರು.

ಟೀಚರು ಕಿಟಕಿಯ ಬಳಿಯಿಂದ ಎದ್ದು ಬಂದು ಹಾಳೆಗಳನ್ನು ನೋಡಿದರು. ತುಂಬ ಹೊತ್ತು ನೋಡಿದರು.

‘ನಾನು ಇವಳನ್ನ ಬೈದೆ’ ಎಂದರು. ‘ಬೆಂಚಿನ ಮೇಲೆ ನಿಲ್ಲಿಸಿದೆ. ನಿಮಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ಗೊತ್ತಿದ್ದೂ?’

‘ಗೊತ್ತಿದ್ದೂ ನೋಡ್ತಾ ಇದ್ದೆ’ ಎಂದಳು ರಫೂ ಅಕ್ಕ.

ಟೀಚರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. ಅವರ ಮುಖವೂ ಸಣ್ಣದಾಗಿತ್ತು. ಗಿಳಿಯ ತಲೆಯ ಮೇಲೆ ಕೈಯಿಡಲು ಹೋದರು. ಗಿಳಿ ಗೊತ್ತಿಲ್ಲದಂತೆ ಅರ್ಧ ಹೆಜ್ಜೆ ಸರಿದಳು. ಕೈ ಹಾಗೆಯೇ ಹಿಂದಕ್ಕೆ ಬಂತು.

ತಜ್ಞೆ ಪಟ್ಟಿಯಲ್ಲಿ ಹೆಸರು ಬರೆದರು. ಆಮೇಲೆ ತಾಯಿಯನ್ನು ಕೂರಿಸಿ, ಬೈಯದೆ, ಸಮಾಧಾನವನ್ನೂ ಮಾಡದೆ, ಕೆಲಸದ ಮಾತು ಹೇಳಿದರು. ಗಿಳಿಯ ತಲೆಯಲ್ಲಿ ದೋಷವಿಲ್ಲ, ಕಣ್ಣಿಗೆ ಬಿದ್ದ ಅಕ್ಷರ ದನಿಯಾಗಿ ಬದಲಾಗುವ ಹಾದಿ ಅವಳಿಗೆ ಬಹಳ ನಿಧಾನ, ಆ ಹಾದಿಯನ್ನು ಅಭ್ಯಾಸದಿಂದ ಒಂದಿಷ್ಟು ಸಲೀಸು ಮಾಡಬಹುದು, ತೊಡಕು ಪೂರ್ತಿ ಹೋಗುವುದಿಲ್ಲ. ಪಾಠವನ್ನು ಮೊದಲು ಕಿವಿಗೆ ಹೇಳಬೇಕು. ಒಂದು ಸಾಲು ಮಾತ್ರ ಕಾಣುವಂತೆ ರಟ್ಟಿನಲ್ಲಿ ಕಿಂಡಿ ಕತ್ತರಿಸಿ ಪುಟದ ಮೇಲಿಟ್ಟು ಓದಿಸಬೇಕು. ದಿನಕ್ಕೆ ನಾಲ್ಕು ಸಾಲು ಬರೆದರೆ ಸಾಕು. ‘ನೀವು ಒಂದು ಮಾರು ದೂರ ಕೂತಿರಿ. ಕೆಳಗೆ ಯಾರು ಬರೆದದ್ದು, ಎಷ್ಟು ಹೊತ್ತು ಹಿಡೀತು ಅಂತ ಬರೆದು ಸಹಿ ಹಾಕಿ. ನಿಜ ಬರೀಬೇಕು’ ಎಂದರು. ‘ನಿಜ’ ಎಂದಾಗ ಅವರು ದನಿ ಏರಿಸಲಿಲ್ಲ. ಆದರೂ ಅವಳ ಕತ್ತು ಬಗ್ಗಿತು.

ಗಂಡನಿಗೆ ಅವತ್ತೇ ಹೇಳಿದಳು. ಅವನು ಕೂಗಾಡಲಿಲ್ಲ. ಕಪಾಟಿನಿಂದ ಪುಸ್ತಕ ತೆಗೆದು, ಒಂದು ಪುಟ ಬಿಚ್ಚಿ, ಮುಚ್ಚಿದ. ‘ಬಂದವರಿಗೆಲ್ಲ ತೋರಿಸಿದ್ನಲ್ಲೇ’ ಎಂದ. ‘ಅವಳೆದುರಿಗೇ ತೋರಿಸಿದ್ನಲ್ಲೇ.’ ಮೂರು ದಿನ ಅವಳೊಂದಿಗೆ ಲೆಕ್ಕಕ್ಕೆ ತಕ್ಕಷ್ಟೇ ಮಾತಾಡಿದ. ನಾಲ್ಕನೇ ದಿನ ಪಂಪ್‌ಹೌಸಿನಿಂದ ಒಂದು ದಪ್ಪ ರಟ್ಟು ತಂದು, ಬ್ಲೇಡು ಹಿಡಿದು ಕೂತು, ಅಳತೆಪಟ್ಟಿಯಿಟ್ಟು ಕಿಂಡಿ ಕತ್ತರಿಸಿದ.

ಬೇರೆ ಕೋಣೆಯ ಮೊದಲ ವಾರದ ಒಂದು ಸಂಜೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಿಳಿ ಹೊಸ ಪುಸ್ತಕ ಬಿಚ್ಚಿದಳು. ತಾಯಿ ಎಂದಿನಂತೆ ಕುರ್ಚಿ ಹತ್ತಿರ ಎಳೆದಳು. ಗಿಳಿಯ ಎಡ ಮೊಣಕೈ ತಾನಾಗಿ ಎದ್ದು ಪುಟದ ಸುತ್ತ ಗೋಡೆಯಂತೆ ನಿಂತಿತು.

‘ನೀನು ಅಲ್ಲಿ ಕೂತ್ಕೋ’ ಎಂದಳು ಗಿಳಿ, ಬಾಗಿಲಿನ ಬಳಿ ತೋರಿಸಿ.

ತಾಯಿ ಕುರ್ಚಿ ಎತ್ತಿಕೊಂಡು ಹೋಗಿ, ಆ ಮೊಣಕೈ ಇಳಿಯುವುದನ್ನು ನೋಡುತ್ತ ಅಲ್ಲಿ ಕೂತಳು. ಕೈಗೆ ಏನೂ ಕೆಲಸವಿರಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡಳು. ಮುಂದುಗಡೆ ಇಸ್ತ್ರಿಯಣ್ಣ ಇದನ್ನೆಲ್ಲ ನೋಡಿಯೂ ಸುಮ್ಮನೆ ಒಂದು ಅಂಗಿಯ ಕಾಲರನ್ನೇ ನಾಲ್ಕು ಸಲ ತೀಡಿದ. ಗಡಿಯಾರದ ಮುಳ್ಳು ಹೋಗುತ್ತಿತ್ತು. ಎಂಟನೇ ನಿಮಿಷಕ್ಕೆ ಮೊದಲ ಸಾಲು ಮುಗಿಯಿತು. ಎರಡನೆಯದರಲ್ಲಿ ಒಂದು ಪದ ಹಾರಿಹೋದದ್ದು ಅಷ್ಟು ದೂರದಿಂದಲೂ ಅವಳ ಕಣ್ಣಿಗೆ ಬಿತ್ತು. ಹಾಳು ಕಣ್ಣು. ತೊಡೆಯ ಕೆಳಗಿನ ಬೆರಳುಗಳು ಕದಲಿದವು.

ನಾಲ್ಕೂ ಸಾಲು ಮುಗಿಸಿ ಗಿಳಿ ಪೆನ್ಸಿಲು ಕೆಳಗಿಟ್ಟಳು. ತಾಯಿಯ ಮುಖವನ್ನೇ ನೋಡಿದಳು.

‘ತಪ್ಪಿದೆಯಾ?’

ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು. ‘ಒಂದಿದೆ’ ಎಂದಳು. ‘ಎರಡನೇ ಸಾಲಲ್ಲಿ.’

ಗಿಳಿ ಕಿಂಡಿಯ ರಟ್ಟನ್ನು ಎರಡನೇ ಸಾಲಿನ ಮೇಲಿಟ್ಟು ಹುಡುಕಿದಳು. ಸಿಗಲಿಲ್ಲ. ‘ಇರ್ಲಿ ಬಿಡು’ ಎಂದಳು. ‘ಮಿಸ್ ನೋಡ್ಲಿ. ನೋಡೋಕೆ ತಾನೇ ಅವರಿರೋದು.’

ಪುಸ್ತಕವನ್ನು ತಾನೇ ತಂದು ತಾಯಿಯ ಮುಂದೆ ಹಿಡಿದಳು, ಬಿಡದೆ. ರಫೂ ಅಕ್ಕ ಪೆನ್ಸಿಲು ತೆಗೆದುಕೊಂಡು, ಈ ಸಲ ತನ್ನದೇ ಅಕ್ಷರದಲ್ಲಿ ಬರೆದಳು: ಮಗಳು ಬರೆದದ್ದು. ನಾಲ್ಕು ಸಾಲು. ಮೂವತ್ತೆಂಟು ನಿಮಿಷ.

‘ಅಷ್ಟೇ ಬರಿ’ ಎಂದಳು ಗಿಳಿ, ಪೆನ್ಸಿಲಿನ ಮೊನೆಯ ಮೇಲಿನ ಕಣ್ಣು ಕೀಳದೆ.

‘ಅಷ್ಟೇ.’

ಸಹಿಯಾದ ಮೇಲೆ ಗಿಳಿ ಹಾಳೆ ತಿರುಗಿಸಿ ಹಿಂಬದಿಯ ಮೇಲೆ ಬೆರಳಾಡಿಸಿದಳು. ಮೇಲಿನ ನಾಲ್ಕು ಸಾಲು ಒರಟಾಗಿ ತಾಕಿದವು. ಕೆಳಗಿನದು ತಾಕಲಿಲ್ಲ.

‘ಇದು ನಂದು’ ಎಂದಳು. ‘ಇದು ನಿಂದು.’

‘ಹೂಂ’ ಎಂದಳು ತಾಯಿ.

ಗಿಳಿ ಇನ್ನೊಂದು ಸಲ ಬೆರಳಾಡಿಸಿ ನೋಡಿಕೊಂಡು, ಪುಸ್ತಕವನ್ನು ಚೀಲದೊಳಗೆ ಹಾಕಿ, ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು.